ನಾಲ್ಕು ರಾತ್ರಿ ಆರಿದ ಒಲೆ

ಗುರುವಾರ ಮಧ್ಯಾಹ್ನ ಪ್ರತಿಮಾ ಚರಕದ ಬೀದಿಗೆ ಬಂದಾಗ ದಿಲ್ಶಾದಳ ಶೆಡ್ಡಿನಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಆರು ಬೇಸಿನ್ನೂ ಓಡುತ್ತಿದ್ದವು. ಸರ್ಕಾರಿ ಹೈಸ್ಕೂಲಿನ ಈ ಕನ್ನಡ ಟೀಚರ್ ಬೇರೆ ದಿನವಾಗಿದ್ದರೆ ನೇರ ಒಳಗೆ ಬಂದು, ಕೆಲಸದ ಹೆಂಗಸರಲ್ಲಿ ಹಿರಿಯಳಾದ ಅಂಬುಜಮ್ಮನ ಪಕ್ಕದ ಮಣೆಯ ಮೇಲೆ ಕೂರುತ್ತಿದ್ದಳು. ಇವತ್ತು ಕೈಯಲ್ಲೊಂದು ಕಾಗದ ಹಿಡಿದು ಹೊಸ್ತಿಲಾಚೆಯೇ ನಿಂತಳು. ಅವಳು ನಿಂತ ರೀತಿಯಿಂದಲೇ ಬಂದಿರುವುದು ಒಳ್ಳೆಯ ಸುದ್ದಿಯಲ್ಲ ಎಂದು ದಿಲ್ಶಾದಳಿಗೆ ಗೊತ್ತಾಯಿತು.

ಕಾಗದ 'ನಮ್ಮೂರು ನಮ್ಮ ಹೆಮ್ಮೆ' ಸಮಿತಿಯದು. 'ಹೆಮ್ಮೆಯ ಪಟ್ಟಣ' ಸ್ಪರ್ಧೆಯ ತೀರ್ಪುಗಾರರು ಶನಿವಾರ ರಾಮನಗರಕ್ಕೆ ಬರುತ್ತಾರೆ. ಆದ್ದರಿಂದ ಶುಕ್ರವಾರ ಮತ್ತು ಶನಿವಾರ ಚರಕದ ಬೀದಿಯಲ್ಲಿ ಯಾವ ಒಲೆಯೂ ಉರಿಯಬಾರದು. ಹೊಗೆ ಕಾಣಬಾರದು, ಹುಳ ಬೇಯುವ ವಾಸನೆ ಬರಬಾರದು. ಬೀದಿಯ ಬಾಯಿಗೆ ಹಸಿರು ಪರದೆ ಕಟ್ಟಿ, ಅದರ ಮೇಲೆ ರೇಷ್ಮೆ ಸೀರೆ ಉಟ್ಟ ಹೆಂಗಸಿನ ದೊಡ್ಡ ಚಿತ್ರ ಹಾಕಲಾಗುವುದು. ಬೀದಿಯ ಪರವಾಗಿ ಒಪ್ಪಿ ಸಹಿ ಹಾಕಿದವನು ಇದೇ ಬೀದಿಯಲ್ಲಿ ದೊಡ್ಡ ನೂಲು ಘಟಕ ಇಟ್ಟ ಮುಕ್ತಿಯಾರ್.

ಆ ಊರಿನ ಹೆಮ್ಮೆ ಅನ್ನುವುದು ಹುಟ್ಟಿದ್ದು ಇದೇ ಶೆಡ್ಡಿನಲ್ಲಿ ಎನ್ನುವುದು ಕಾಗದದಲ್ಲಿ ಇರಲಿಲ್ಲ.

ಎರಡು ವರ್ಷದ ಹಿಂದೆ ಪ್ರತಿಮಾ ಮತ್ತು ಅವಳ ಜೊತೆ ಪುಸ್ತಕ ಓದುತ್ತಿದ್ದ ನಾಲ್ಕೈದು ಜನ ಸೇರಿ ಭಾನುವಾರದ ನಡಿಗೆ ಶುರು ಮಾಡಿದ್ದರು. ಮೈಸೂರಿಗೆ ಹೋಗುವವರು ಇಡ್ಲಿ ತಿನ್ನಲು ಇಳಿಯುವ ಊರು ಇದು, ಇಲ್ಲಿ ನೋಡಲು ಏನಿದೆ ಎಂದು ಊರಿನವರೇ ಹೇಳಿಕೊಂಡು ತಿರುಗುತ್ತಿದ್ದ ಕಾಲ. ಊರಿನವರಿಗೇ ಊರು ತೋರಿಸೋಣ ಎಂದಳು ಪ್ರತಿಮಾ. ಗೂಡಿನ ಮಾರುಕಟ್ಟೆಯಿಂದ ಹೊರಟು, ಅರ್ಕಾವತಿಯ ದಂಡೆ ಸುತ್ತಿ, ಕೊನೆಗೆ ಎಲ್ಲರೂ ದಿಲ್ಶಾದಳ ಶೆಡ್ಡಿಗೆ ಬರುತ್ತಿದ್ದರು. ಅಲ್ಲಿ ಅಂಬುಜಮ್ಮ ಕುದಿಯುವಂಥ ನೀರಿಗೆ ಕೈ ಬಿಟ್ಟು, ತೇಲುವ ಗೂಡುಗಳಿಂದ ಕಣ್ಣಿಗೆ ಕಾಣದ ಎಳೆಗಳನ್ನು ಎತ್ತಿ, ಎಂಟನ್ನು ಒಂದಾಗಿಸಿ ರಾಟೆಗೆ ಕೊಡುತ್ತಿದ್ದಳು. ಇಪ್ಪತ್ತು ವರ್ಷ ಗೂಡಿನ ಮೂಟೆ ಹೊತ್ತ ಆಟೋ ಡ್ರೈವರ್ ಒಬ್ಬ ಮೊದಲ ಸಲ ಅದನ್ನು ನೋಡಿ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದ. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಿದ್ದ ಅಂಬುಜಮ್ಮ ಆಮೇಲೆ ಮುಚ್ಚಿಕೊಳ್ಳುವುದನ್ನು ಬಿಟ್ಟಳು.

ಜನ ಸೇರತೊಡಗಿದ್ದು ಕಂಡ ಮೇಲೆ ಸಮಿತಿ ಹುಟ್ಟಿತು. ಕನ್ವೆನ್ಷನ್ ಹಾಲಿನ ಮಾಲೀಕ ಅನಂತರಾಜು ಅಧ್ಯಕ್ಷನಾದ. ಹೆಮ್ಮೆಗೆ ಒಬ್ಬ ಅಧ್ಯಕ್ಷ ಸಿಕ್ಕಿದ ದಿನವೇ ಅದರ ದಾರಿ ಬೇರೆಯಾಯಿತು. ಈಗ ತೀರ್ಪುಗಾರರಿಗೆ ರೇಷ್ಮೆ ತೋರಿಸುವುದು ಅವನ ಹಾಲಿನಲ್ಲಿ. ಅಲ್ಲಿ ಸಿಂಗರಿಸಿದ ರಾಟೆ ಇರುತ್ತದೆ, ತಣ್ಣೀರಿನ ಪಾತ್ರೆಯಲ್ಲಿ ನಾಲ್ಕು ಗೂಡು ತೇಲುತ್ತಿರುತ್ತವೆ, ಪಕ್ಕದಲ್ಲಿ ಜರಿಸೀರೆ ಉಟ್ಟು ನಗುವ ಒಬ್ಬ ಹುಡುಗಿ ನಿಂತಿರುತ್ತಾಳೆ.

“ಎರಡೇ ದಿನ ಅಕ್ಕ,” ಎಂದಳು ಪ್ರತಿಮಾ. “ನಾನೂ ಬೇಡ ಅಂದೆ. ಆದ್ರೆ ಪ್ರಶಸ್ತಿ ಬಂದ್ರೆ ನಡಿಗೆಗೆ ಒಂದು ನೆಲೆ ಸಿಗುತ್ತೆ. ನಾನು ಈಗ ಜಗಳ ಮಾಡಿದ್ರೆ ನಡಿಗೇನೂ ಅವರೇ ನುಂಗ್ತಾರೆ.”

ಅಂಬುಜಮ್ಮ ಬೇಸಿನ್ನಿನಿಂದ ತಲೆ ಎತ್ತಲಿಲ್ಲ. “ಮನೆಗೆ ನೆಂಟ್ರು ಬತ್ತಾರೆ ಅಂತ ಅಡುಗೆ ಮಾಡೋಳ್ನೇ ಹಿತ್ಲಿಗೆ ಅಟ್ಟಿದಂಗಾಯ್ತು ಕಣವ್ವ.”

ದಿಲ್ಶಾದ್ ಮನಸ್ಸಿನಲ್ಲೇ ದಿನ ಎಣಿಸುತ್ತಿದ್ದಳು. ಹಿಂದಿನ ದಿನ, ಬುಧವಾರದ ಹರಾಜಿನಲ್ಲಿ ಅವಳು ಕೆಂಪಾಪುರದ ಕಡೆಯ ರೈತನೊಬ್ಬ ತಂದ ಒಂದಿಡೀ ಲಾಟು ಗೂಡನ್ನು ಕೂಗಿ ಹಿಡಿದಿದ್ದಳು. ಹಿಂದಿನ ಗೋಡೆಗೆ ಒರಗಿಸಿದ ಸ್ಟ್ಯಾಂಡಿನಲ್ಲಿ ಇಪ್ಪತ್ತೆರಡು ತಟ್ಟೆ ಹಳದಿ ಗೂಡು ಕೂತಿತ್ತು. ಗೂಡಿನೊಳಗೆ ಹುಳ ಜೀವಂತ ಇರುತ್ತದೆ. ಹಬೆ ಹಿಡಿಸಿ ಕೊಲ್ಲದಿದ್ದರೆ, ಗೂಡು ಕಟ್ಟಲು ಶುರುಮಾಡಿದ ಹನ್ನೊಂದನೆಯದೋ ಹನ್ನೆರಡನೆಯದೋ ದಿನಕ್ಕೆ ಅದು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ಎಳೆ ಬರುವುದಿಲ್ಲ. ಅರ್ಧ ಮೈಲುದ್ದದ ನೂಲು ಸಾವಿರ ತುಂಡಾಗಿ, ಹತ್ತಿಯ ಚೂರಿನಂತೆ ಕಸಕ್ಕೆ ಹೋಗುತ್ತದೆ. ಹಬೆಯ ಪೆಟ್ಟಿಗೆಯಾಗಲಿ ಗೂಡು ಒಣಗಿಸುವ ಡ್ರೈಯರ್ ಆಗಲಿ ದಿಲ್ಶಾದಳ ಬಳಿ ಇರಲಿಲ್ಲ; ಅವಳಲ್ಲಿ ಹುಳ ಸಾಯುವುದು ಗೂಡು ಬೇಸಿನ್ನಿಗೆ ಬಿದ್ದಾಗಲೇ.

ಅಂಬುಜಮ್ಮ ಲಾಟು ಇಳಿದ ಕೂಡಲೇ ತಟ್ಟೆಗೊಂದರಂತೆ ಗೂಡು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದ್ದಳು. ಅದು ಅವಳ ಪದ್ಧತಿ. ಒಳಗಿನ ಹುಳ ಗೋಡೆಗೆ ಬಡಿಯುವ ಸದ್ದಿನಲ್ಲೇ ಅವಳು ವಯಸ್ಸು ಹೇಳುತ್ತಾಳೆ. ಈ ರೈತ ವ್ಯಾನು ಸಿಗದೆ ಎರಡು ದಿನ ತಡ ಮಾಡಿ ತಂದಿದ್ದಾನೆ, ಇದಕ್ಕೆ ಬುಧವಾರಕ್ಕೇ ಏಳು ದಿನ ತುಂಬಿದೆ ಎಂದಿದ್ದಳು. ಅಂದರೆ ಭಾನುವಾರ ಬೆಳಗ್ಗೆ ಒಲೆ ಹೊತ್ತಿದರೆ ಲಾಟು ಉಳಿಯುತ್ತದೆ. ಸೋಮವಾರವಾದರೆ ಹೋಯಿತು. ಕೈಯಲ್ಲಿದ್ದುದನ್ನೆಲ್ಲ ದಿಲ್ಶಾದ್ ಇದಕ್ಕೇ ಹಾಕಿದ್ದಳು. ಇದು ಹೋದರೆ ಮುಂದಿನ ಹರಾಜಿಗೆ ಅವಳು ನಿಲ್ಲಲಾರಳು. ಶೆಡ್ಡು ಮುಚ್ಚಿದರೆ ಆರು ಹೆಂಗಸರೂ ಹಾರೋಹಳ್ಳಿ ಕಾರ್ಖಾನೆಯ ಬಸ್ಸಿಗೆ ಕಾಯಬೇಕು. ಅರವತ್ತು ದಾಟಿದ ಅಂಬುಜಮ್ಮನನ್ನು ಆ ಬಸ್ಸೂ ಹತ್ತಿಸಿಕೊಳ್ಳುವುದಿಲ್ಲ.

“ಶನಿವಾರ ಸಂಜೆಗಂಟ ಮಾತ್ರ,” ಎಂದಳು ದಿಲ್ಶಾದ್. “ಭಾನುವಾರ ಬೆಳಕು ಹರಿಯೋಕೆ ಮುಂಚೆ ನಾನು ಕಡ್ಡಿ ಗೀರ್ತೀನಿ.”

ಪ್ರತಿಮಾ ಮಾತು ಕೊಟ್ಟು ಹೋದಳು. ಆ ಸಂಜೆ ದಿಲ್ಶಾದ್ ಒಲೆಯ ಕೆಂಡಕ್ಕೆ ನೀರು ಹಾಕಿದಳು.

ಶುಕ್ರವಾರ ಬೀದಿ ಮಸಣದಂತಿತ್ತು. ನಲವತ್ತು ಮನೆಗಳ ರಾಟೆ ನಿಂತ ಆ ಮೌನದಲ್ಲಿ ಪರದೆ ಕಟ್ಟುವವರ ಸುತ್ತಿಗೆಯ ಸದ್ದು ಮಾತ್ರ ಕೇಳುತ್ತಿತ್ತು. ಚಿತ್ರದ ಹೆಂಗಸಿನ ಕೈಗಳು ಬೆಣ್ಣೆಯಂತಿದ್ದವು. ಅಂಬುಜಮ್ಮ ತನ್ನ ಬೆಂದು ಬಿಳಿಚಿದ ಬೆರಳುಗಳನ್ನು ಅದರ ಪಕ್ಕ ಹಿಡಿದು ನೋಡಿ, ಇವಳು ನಮ್ಮ ಬೀದೀಲಿ ಯಾರ ಮನೆ ಸೊಸೆ ಎಂದು ಸುತ್ತಿಗೆಯವನನ್ನು ವಿಚಾರಿಸಿದಳಂತೆ. ಅವನಿಗೆ ನಗು ತಡೆಯಲಾಗಲಿಲ್ಲವಂತೆ.

ಶನಿವಾರ ಮಧ್ಯಾಹ್ನ ಮೂರಕ್ಕೆ ಪ್ರತಿಮಾಳ ಫೋನ್ ಬಂತು. ತೀರ್ಪುಗಾರರು ಬೇರೆ ಊರಿನಲ್ಲಿ ತಡವಾಗಿದ್ದಾರೆ, ಬರುವುದು ಸೋಮವಾರ, ಅಲ್ಲಿಯವರೆಗೆ ಒಲೆ ಹಚ್ಚುವಂತಿಲ್ಲ ಎಂದು ಸಮಿತಿ ತೀರ್ಮಾನಿಸಿದೆ. ಹಚ್ಚಿದವರ ಮೇಲೆ ಹೊಗೆಯ ದೂರು ಕೊಡುವುದಾಗಿ ಅನಂತರಾಜು ಸಭೆಯಲ್ಲೇ ಹೇಳಿದ್ದಾನೆ. ದೂರು ಬಂದರೆ ಮೊದಲು ಮುಚ್ಚುವುದು ಡ್ರೈಯರ್ ಇಲ್ಲದ, ಸೌದೆ ಒಲೆಯ ಸಣ್ಣ ಶೆಡ್ಡುಗಳನ್ನೇ. ಸಭೆಯಲ್ಲಿ ನೀವು ಏನಂದಿರಿ ಎಂದು ಕೇಳಿದಳು ದಿಲ್ಶಾದ್. ಪ್ರತಿಮಾ ಸೋಮವಾರದ ಮಾತನ್ನೇ ಮತ್ತೊಮ್ಮೆ ಹೇಳಿದಳು.

“ನೀವು ಊರಿಗೆಲ್ಲ ಚೆನ್ನಾಗಿ ಹೇಳ್ತೀರಿ ಮೇಡಂ. ಬಂದು ಈ ಹುಳಕ್ಕೂ ಒಸಿ ಹೇಳಿ. ಸೋಮವಾರದ ತನಕ ಸುಮ್ಕಿರು ಅಂತ.”

ಫೋನ್ ಇಟ್ಟು ಅವಳು ಇದ್ದ ದಾರಿಗಳನ್ನೆಲ್ಲ ಲೆಕ್ಕ ಹಾಕಿದಳು. ಗೂಡನ್ನು ಮಾರಿಬಿಡೋಣವೆಂದರೆ ಹರಾಜಾಗಿ ಮೂರು ದಿನ ಕಳೆದ ಲಾಟನ್ನು ಯಾರೂ ಮುಟ್ಟುವುದಿಲ್ಲ. ಬಿಸಿಲಿಗೆ ಒಣಗಿಸೋಣವೆಂದರೆ ಎರಡು ದಿನದಿಂದ ಮೋಡ. ಚನ್ನಪಟ್ಟಣದಲ್ಲಿ ಶೆಡ್ಡು ಇಟ್ಟಿದ್ದ ನಾದಿನಿ ಜುವೇರಿಯಾಗೆ ಫೋನ್ ಮಾಡಿದಳು. ಅವಳ ಬೇಸಿನ್ನುಗಳಿಗೆ ಅವಳ ಲಾಟೇ ಹೆಚ್ಚಾಗಿತ್ತು. ಉಳಿದದ್ದು ಒಂದೇ ದಾರಿ.

ಭಾನುವಾರ ಬೆಳಗ್ಗೆ ಅವಳು ಮುಕ್ತಿಯಾರನ ಮನೆಗೆ ಹೋದಳು. ಬೀದಿಯ ಕೊನೆಯಲ್ಲಿ ಅವನದು ಯಂತ್ರದಲ್ಲಿ ನೂಲು ಬಿಚ್ಚುವ ದೊಡ್ಡ ಫಿಲೇಚರ್, ಬಿಸಿಗಾಳಿಯ ಡ್ರೈಯರ್. ಅದರಲ್ಲಿ ಒಣಗಿದ ಗೂಡು ತಿಂಗಳುಗಟ್ಟಲೆ ಅಲುಗಾಡದೆ ಕೂರುತ್ತದೆ. ಡ್ರೈಯರ್ ಇರುವವನು ಸಹಿ ಹಾಕಿದ್ದ, ಡ್ರೈಯರ್ ಇಲ್ಲದವರು ಕಾಯುತ್ತಿದ್ದರು. ಅವನು ಬಿಳಿ ಅಂಗಿಗೆ ಸಮಿತಿಯ ಬ್ಯಾಡ್ಜು ಚುಚ್ಚಿ ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದ.

ಅವರಿಬ್ಬರೂ ಉರ್ದುವಿನಲ್ಲಿ ಮಾತಾಡಿದರು. ಒಂದು ಗಂಟೆ ನಿಮ್ಮ ಡ್ರೈಯರ್ ಕೊಡಿ ಭಾಯ್, ನನ್ನ ಲಾಟಿಗೆ ಶಾಖ ತಗುಲಿಸಿಕೊಳ್ಳುತ್ತೇನೆ ಎಂದಳು ಇವಳು. ಆಗುವುದಿಲ್ಲ ಎಂದ ಅವನು, ಊರಿಗೆಲ್ಲ ಕಾಣುವ ಚಿಮಣಿ ಅದೊಂದೇ. ಹಸಿ ಗೂಡಿನ ವಿಷಯ ಸಹಿ ಹಾಕುವಾಗ ನೆನಪಿಗೆ ಬರಲಿಲ್ಲವೇ ಎಂದು ಅವಳು ಕೇಳಿದಳು. ಅವನು ಬ್ಯಾಡ್ಜಿನಿಂದ ಕೈ ತೆಗೆದು, ನಿಜವಾಗಿಯೂ ಬರಲಿಲ್ಲ ಎಂದ. ಅದು ಸುಳ್ಳಲ್ಲ ಎಂದು ಅವಳಿಗೆ ಗೊತ್ತಾಯಿತು. ಡ್ರೈಯರ್ ಬಂದ ಹದಿನೆಂಟು ವರ್ಷದಿಂದ ಅವನ ಮನೆಯಲ್ಲಿ ಹಸಿ ಗೂಡು ರಾತ್ರಿ ಕಳೆದಿರಲಿಲ್ಲ.

ಆಮೇಲೆ ಅವನೇ ಹೇಳಿಕೊಂಡ. ಈ ಬೀದಿಯ ಹೆಸರೆತ್ತಿದರೆ ಊರು ಮೂಗು ಮುಚ್ಚುತ್ತದೆ. ಮಗಳ ನಿಶ್ಚಿತಾರ್ಥಕ್ಕೆ ಬಂದ ಬೀಗರೂ ಕರವಸ್ತ್ರ ತೆಗೆದರು. ಮೊದಲ ಸಲ ನಮ್ಮನ್ನು ವೇದಿಕೆಯ ಮೇಲೆ ಕೂರಿಸುತ್ತೇವೆ ಅಂದಿದ್ದಾರೆ, ನಾನು ಬೇಡ ಅನ್ನಲೇ? ನಿನ್ನ ಇಪ್ಪತ್ತು ತಟ್ಟೆಗಾಗಿ ನಲವತ್ತು ಮನೆಯ ಮರ್ಯಾದೆ ಕಳೆಯಲೇ?

ಇಪ್ಪತ್ತೆರಡು ತಟ್ಟೆ ಎಂದು ತಿದ್ದಿ ದಿಲ್ಶಾದ್ ಎದ್ದು ಬಂದಳು.

ಆ ದಿನವಿಡೀ ಹೆಂಗಸರು ಗೋಣಿತಾಟು ನೆನೆಸಿ ಸ್ಟ್ಯಾಂಡಿನ ಸುತ್ತ ಹೊದಿಸಿದರು. ತಂಪಾದರೆ ಹುಳ ಒಸಿ ನಿಧಾನಿಸುತ್ತದೆ. ಟೇಬಲ್ ಫ್ಯಾನುಗಳನ್ನು ಮನೆಯಿಂದ ಹೊತ್ತು ತಂದರು. ಅಂಬುಜಮ್ಮ ಗಂಟೆಗೊಮ್ಮೆ ಗೂಡು ಅಲ್ಲಾಡಿಸುತ್ತಿದ್ದಳು. ಬೆಳಗ್ಗೆ ಕಾಳು ಬಡಿದಂತೆ ಟಕಟಕ ಅನ್ನುತ್ತಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಯಿತು. ಸಂಜೆ ಅವಳು ಅಲ್ಲಾಡಿಸುವುದನ್ನೇ ನಿಲ್ಲಿಸಿದಳು. ಒಂದು ಗೂಡನ್ನು ದಿಲ್ಶಾದಳ ಅಂಗೈಯಲ್ಲಿಟ್ಟು ಅದರ ತುದಿ ಮುಟ್ಟಿಸಿದಳು. ತುದಿ ಒದ್ದೆಯಾಗಿತ್ತು. ಒಳಗಿನದು ಹೊರಬರಲು ತನ್ನ ಗೋಡೆಯನ್ನು ತೋಯಿಸಿಕೊಳ್ಳುತ್ತಿತ್ತು.

ಸೋಮವಾರ ಆಕಾಶ ಇನ್ನೂ ಬೂದಿಬಣ್ಣದಲ್ಲಿದ್ದಾಗ ದಿಲ್ಶಾದ್ ಬೀಗ ತೆಗೆದಳು. ಮೇಲಿನ ತಟ್ಟೆಯಲ್ಲಿ ಒಂದು ಚಿಟ್ಟೆ ಮುದುಡಿದ ರೆಕ್ಕೆ ಬಿಡಿಸಿಕೊಳ್ಳುತ್ತಾ ಕೂತಿತ್ತು. ಪಕ್ಕದಲ್ಲಿ ಇನ್ನೆರಡು. ಕೆಳಗಿನ ತಟ್ಟೆಯಿಂದ ಒಣ ಎಲೆ ಉಜ್ಜಿದಂಥ ಸದ್ದು ಬರುತ್ತಿತ್ತು.

ಅವಳು ಯಾರನ್ನೂ ಕೇಳಲಿಲ್ಲ. ಒಲೆಗೆ ಸೌದೆ ಜೋಡಿಸಿ ಕಡ್ಡಿ ಗೀರಿದಳು.

ಹೊಗೆ ಕಂಡು ಹೆಂಗಸರು ಒಬ್ಬೊಬ್ಬರೇ ಬಂದರು. ಅಂಬುಜಮ್ಮ ಸೆರಗು ಸಿಕ್ಕಿಸಿ, ಕೆಟ್ಟದ್ದನ್ನೂ ಇನ್ನೂ ಕೆಡದ್ದನ್ನೂ ಬೇರೆ ಮಾಡುತ್ತಾ ಕೂತಳು. ಒದ್ದೆ ತುದಿಯವು ಮೊದಲು ನೀರಿಗೆ, ಒಣ ತುದಿಯವು ಆಮೇಲೆ. ಏಳು ತಟ್ಟೆ ಪೂರ್ತಿ ಹೋಗಿತ್ತು. ಹದಿನೈದು ಉಳಿದಿತ್ತು, ಅದೂ ಗಂಟೆಯ ಲೆಕ್ಕದಲ್ಲಿ.

ಒಂಬತ್ತಕ್ಕೆ ಮುಕ್ತಿಯಾರ್ ಬಂದ. ಬಿಳಿ ಅಂಗಿ, ಬ್ಯಾಡ್ಜು, ಕಿವಿಯಲ್ಲಿ ಫೋನು. ಫೋನಿನೊಳಗಿನಿಂದ ಅನಂತರಾಜುವಿನ ದನಿ ಶೆಡ್ಡಿಗೆಲ್ಲ ಕೇಳುತ್ತಿತ್ತು. ತೀರ್ಪುಗಾರರು ಬಿಡದಿ ದಾಟಿದ್ದಾರೆ, ಹತ್ತು ನಿಮಿಷದಲ್ಲಿ ಒಲೆ ಆರದಿದ್ದರೆ ನಿನ್ನ ಬೀದಿಗೆ ಬೀದಿಯನ್ನೇ ಮುಚ್ಚಿಸುತ್ತೇನೆ ಎನ್ನುತ್ತಿದ್ದ. ಮುಕ್ತಿಯಾರ್ ಫೋನನ್ನು ಜೇಬಿಗೆ ಹಾಕಿ, ಮೂಲೆಯಲ್ಲಿದ್ದ ಬಕೆಟ್ ಎತ್ತಿಕೊಂಡ. ರಾಟೆಗಳು ನಿಂತವು.

ದಿಲ್ಶಾದ್ ಅಡ್ಡ ಬರಲಿಲ್ಲ. ಒಂದು ತಟ್ಟೆ ತಂದು ಅವನ ಮುಂದೆ ಹಿಡಿದಳು.

“ಸುರೀರಿ ಭಾಯ್. ಸುರಿಯೋಕ್ ಮುಂಚೆ ಒಂದ್ಸಲ ಕೈ ಇಟ್ಟು ನೋಡಿ,” ಎಂದಳು. ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಹೇಳಿದಳು. “ನಿಮ್ಮಬ್ಬಾ ಇದ್ದಿದ್ರೆ ಯಾವ್ ಕೈಯಿಂದ ಬಕೆಟ್ ಎತ್ತೋರು, ಅದನ್ನೂ ಹೇಳಿ.”

ಅವನು ತಟ್ಟೆಯತ್ತ ನೋಡಿದ. ಗೂಡುಗಳು ತಮ್ಮಷ್ಟಕ್ಕೆ ತಾವೇ ಒಸಿ ಒಸಿ ಅಲುಗುತ್ತಿದ್ದವು. ಅವನು ಬೆರಳು ಮುಂದೆ ಮಾಡಿದ. ಚಿಟ್ಟೆಯೊಂದು ಹತ್ತಿಕೊಂಡು ಅಂಗಿಯ ಕಫ್ಫಿನವರೆಗೆ ನಡೆದು ಅಲ್ಲೊಂದು ಕಂದು ಕಲೆ ಬಿಟ್ಟಿತು. ಅವನ ಅಪ್ಪ ಇದೇ ಬೀದಿಯಲ್ಲಿ ಎರಡು ಬೇಸಿನ್ನಿನ ಮುಂದೆ ಮೂವತ್ತು ವರ್ಷ ಬಾಗಿದವನು. ಒಂದು ಲಾಟು ಹೀಗೇ ಹೋದ ದಿನ ಆತ ಅನ್ನ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ಬೀದಿಯ ಹಳಬರೆಲ್ಲ ಕಂಡಿದ್ದರು.

ಮುಕ್ತಿಯಾರ್ ಬಕೆಟ್ ಕೆಳಗಿಟ್ಟ. ಬ್ಯಾಡ್ಜು ಬಿಚ್ಚುವುದೂ ಮರೆತು, ತೋಳು ಮಡಿಸಿ, ಆ ದಿನ ಬಾರದಿದ್ದ ಹೆಂಗಸಿನ ಖಾಲಿ ಮಣೆಯ ಮೇಲೆ ಕೂತು ನೀರಿಗೆ ಕೈ ಬಿಟ್ಟ. ಬಿಟ್ಟವನೇ ಉಸಿರು ಎಳೆದುಕೊಂಡು ಹಿಂದಕ್ಕೆ ತೆಗೆದ.

“ಕೈ ಮರ್ತ್‌ಬುಟ್ಟೈತೆ ಸಾವ್ಕಾರ್ರೆ,” ಎಂದಳು ಅಂಬುಜಮ್ಮ. “ತಣ್ಣೀರ್ಗೆ ಅದ್ದಿ ಆಮ್ಯಾಕ್ ಬುಡಿ. ನಾಚ್ಕೋಬ್ಯಾಡಿ.”

ರಾಟೆಗಳು ಮತ್ತೆ ಓಡಿದವು. ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಮುಕ್ತಿಯಾರನೇ ಕೂತಿದ್ದಾನೆ ಎಂಬ ಸುದ್ದಿ ಬೀದಿಯಲ್ಲಿ ಓಡಿತು. ಅರ್ಧ ಗಂಟೆಯಲ್ಲಿ ಇನ್ನೂ ಐದಾರು ಸಣ್ಣ ಶೆಡ್ಡುಗಳ ಮಾಡಿನಿಂದ ಹೊಗೆ ಎದ್ದಿತು.

ಕನ್ವೆನ್ಷನ್ ಹಾಲಿನ ಸ್ವಾಗತ ಮುಗಿಸಿ ಹನ್ನೊಂದರ ಸುಮಾರಿಗೆ ತೀರ್ಪುಗಾರರ ಗಾಡಿ ಮುಖ್ಯರಸ್ತೆಗೆ ಬಂತು. ಮೈಕು ಹಿಡಿದು ಊರನ್ನು ವಿವರಿಸುವ ಕೆಲಸ ಪ್ರತಿಮಾಳದು, ಪಕ್ಕದಲ್ಲಿ ಅನಂತರಾಜು. ಹಸಿರು ಪರದೆಯ ಮುಂದೆ ಗಾಡಿ ನಿಧಾನಿಸಿತು, ಚಿತ್ರ ತೋರಿಸಲು. ಚಿತ್ರದ ಹೆಂಗಸಿನ ತಲೆಯ ಹಿಂದಿನಿಂದ ಆರೇಳು ಕಡೆ ಹೊಗೆ ಏಳುತ್ತಿತ್ತು. ಮೂವರು ತೀರ್ಪುಗಾರರಲ್ಲಿ ಹಿರಿಯಾಕೆ, ಕಾಟನ್ ಸೀರೆಯ ಹೆಂಗಸು, ಅದೇನು ಎಂದು ಕೇಳಿದರು.

“ಬೇಕರಿ ಮೇಡಂ,” ಎಂದ ಅನಂತರಾಜು. “ನಮ್ಮೂರಲ್ಲಿ ಬೇಕರಿ ಫೇಮಸ್ಸು.”

ಪ್ರತಿಮಾ ಮೈಕಿನಲ್ಲೇ ಹೇಳಿದಳು. “ಬೇಕರಿ ಅಲ್ಲ ಮೇಡಂ. ಈ ಊರಿನ ನೂಲು ಬಿಚ್ಚೋ ಬೀದಿ. ನಮ್ಮ ನಡಿಗೆ ಕೊನೆಯಾಗೋದು ಅಲ್ಲಿ. ನಿಮ್ಮ ಪಟ್ಟಿಯಿಂದ ತೆಗೆದಿದಾರೆ. ತೆಗೆಯೋವಾಗ ನಾನೂ ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ.” ರಸ್ತೆಯ ಎರಡು ಬದಿಯ ಅಂಗಡಿಯವರೂ ಅದನ್ನು ಕೇಳಿದರು. ಅವಳು ಗಾಡಿಯಿಂದ ಇಳಿದು ಪರದೆಯ ಒಂದು ಹಗ್ಗ ಬಿಚ್ಚಿದಳು. ಹಿರಿಯಾಕೆಯೂ ಇಳಿದರು.

ಅನಂತರಾಜು ಎಲ್ಲರಿಗಿಂತ ಮೊದಲು ಓಡಿಬಂದು ಶೆಡ್ಡು ತಲುಪಿದ. ಏದುಸಿರು ಬಿಡುತ್ತಿದ್ದ. ದಿಲ್ಶಾದಳ ಹತ್ತಿರ ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿದ.

“ನೋಡಮ್ಮ, ಆಗಿದ್ದಾಯ್ತು. ಡೆಮೋ ಅನ್ನು. ನಿಮಗೋಸ್ಕರ ಸಮಿತಿಯವ್ರು ಏರ್ಪಾಟು ಮಾಡವ್ರೆ ಅನ್ನು, ಅಷ್ಟೇ. ಪ್ರಶಸ್ತಿ ನಮ್ದೇ ಆಯ್ತದೆ. ಆಮೇಲೆ ನಿನ್ ಶೆಡ್ಡಿನ ತಂಟೆಗೆ ಯಾವನೂ ಬರ್ದಂಗೆ ನಾನ್ ನೋಡ್ಕೊತೀನಿ. ಇಲ್ದಿದ್ರೆ ದೂರು ಹೋಯ್ತದೆ, ನಿಂಗೂ ಗೊತ್ತು.”

ದಿಲ್ಶಾದಳಿಗೆ ಗೊತ್ತಿತ್ತು. ಹೌದು ಅಂದರೆ ಶೆಡ್ಡು ಉಳಿಯುತ್ತದೆ. ನಾಳೆಯಿಂದ ಅಧ್ಯಕ್ಷರೇ ಕಾವಲು. ಮುಂದಿನ ವರ್ಷ ಇನ್ಯಾರೋ ಬರುವಾಗ ಮತ್ತೆ ಅವರು ಹೇಳಿದ ದಿನ ಆರಿಸಬೇಕು, ಹೇಳಿದ ದಿನ ಹಚ್ಚಬೇಕು. ಅವಳು ಅಂಬುಜಮ್ಮನ ಕಡೆ ನೋಡಿದಳು. ಅಂಬುಜಮ್ಮ ಎಳೆಯಿಂದ ಕಣ್ಣು ತೆಗೆಯಲಿಲ್ಲ. ಅವಳಿಗೆ ಈ ಗಳಿಗೆಯಲ್ಲಿ ಎಂಟು ಎಳೆ ಬಿಟ್ಟರೆ ಬೇರೆ ಪ್ರಪಂಚವಿರಲಿಲ್ಲ.

ಹಿರಿಯಾಕೆ ಬಾಗಿಲಲ್ಲಿ ನಿಂತರು. ವಾಸನೆಗೆ ಒಂದು ಕ್ಷಣ ಮುಖ ಗಂಟಾಯಿತು. ಆದರೂ ಕರವಸ್ತ್ರ ತೆಗೆಯದೆ ಒಳಗೆ ಬಂದರು. ಆರು ಬೇಸಿನ್ನು, ಐವರು ಹೆಂಗಸರು, ಬ್ಯಾಡ್ಜು ಹಾಕಿದ ಒಬ್ಬ ಗಂಡಸು, ಇವನ್ನೆಲ್ಲ ನೋಡಿ, ಇದನ್ನು ನಮಗಾಗಿ ಏರ್ಪಾಟು ಮಾಡಿದ್ದೇ ಎಂದು ಕೇಳಿದರು.

“ಇಲ್ಲಮ್ಮ,” ಎಂದಳು ದಿಲ್ಶಾದ್. “ನಿಮಗೋಸ್ಕರ ಇದನ್ನ ನಿಲ್ಸಿದ್ವಿ. ನಿಲ್ಸಿದ್ದಕ್ಕೆ ಹಿಂಗಾಯ್ತು.”

ಬೇರೆ ಇಟ್ಟಿದ್ದ ಏಳು ತಟ್ಟೆಗಳ ಮೇಲಿನ ಗೋಣಿತಾಟು ಸರಿಸಿದಳು. ನೂರಾರು ಚಿಟ್ಟೆಗಳು, ಹಾರಲಾರದೆ, ತೂತಾದ ಗೂಡುಗಳ ಮೇಲೆ ರೆಕ್ಕೆ ಬಡಿಯುತ್ತಾ ಒಂದನ್ನೊಂದು ತುಳಿದುಕೊಂಡು ತಿರುಗುತ್ತಿದ್ದವು. ಹಳದಿಯ ಮೇಲೆಲ್ಲ ಕಂದು ಕಲೆ. ಪ್ರತಿಮಾ ಬಾಗಿಲಲ್ಲೇ ಗೋಡೆ ಹಿಡಿದು ನಿಂತಳು. ಅನಂತರಾಜು, ಇವರಿಗೆ ತಿಳುವಳಿಕೆ ಕಮ್ಮಿ ಮೇಡಂ, ಎಂದು ಶುರುಮಾಡಿದ. ಹಿರಿಯಾಕೆ ಅವನ ಕಡೆ ತಿರುಗಲಿಲ್ಲ. ನಿಲ್ಲಿಸಲು ಹೇಳಿದವರು ಯಾರು ಎಂದು ದಿಲ್ಶಾದಳನ್ನೇ ಕೇಳಿದರು.

ಅವಳು ಬಾಯಿ ತೆರೆಯುವ ಮೊದಲೇ ಮುಕ್ತಿಯಾರ್ ಬೇಸಿನ್ನಿನ ಮುಂದಿನಿಂದ, “ಸಹಿ ನಂದು,” ಎಂದ. ಕೆಂಪಗೆ ಊದಿದ ಬೆರಳಿನಿಂದ ಅನಂತರಾಜುವಿನತ್ತ ತೋರಿಸಿ, “ಕಾಗದ ಅವರದು,” ಎಂದ.

ಹಿರಿಯಾಕೆ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಏನೆಂದು ದಿಲ್ಶಾದ್ ಕೇಳಲಿಲ್ಲ. ಕೇಳುವಷ್ಟು ಹೊತ್ತೂ ಇರಲಿಲ್ಲ. ಅಂಬುಜಮ್ಮ ಆಗಲೇ ಎರಡು ಸಲ ಗೂಡು ತನ್ನಿ ಎಂದು ಕೂಗಿದ್ದಳು. ದಿಲ್ಶಾದ್ ಸ್ಟ್ಯಾಂಡಿನ ಹತ್ತಿರ ಹೋಗಿ ಮುಂದಿನ ತಟ್ಟೆ ಎಳೆದು, ತುದಿಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕೆಲವು ಒದ್ದೆ, ಹೆಚ್ಚಿನವು ಇನ್ನೂ ಒಣಗಿಯೇ ಇದ್ದವು. ಇನ್ನೂ ಒಂಬತ್ತು ತಟ್ಟೆ ಉಳಿದಿತ್ತು. ಅವಳು ಒಲೆಗೆ ಇನ್ನೆರಡು ಸೌದೆ ತಳ್ಳಿದಳು.